ಜಂಟಿ ಅಡಿಕೆ ತೋಟ: ಫಸಲು ಕೈಗೆ ಬರೋ ಹೊತ್ತಿಗೆ ಜೊತೆಗಾರರು ಮಾರೋಣ ಅಂತಿದ್ದಾರೆ. ಏನು ಮಾಡಲಿ?

ಸಾಗರದ ತೋಟಿಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಾನು ಸಾಗರ ತಾಲ್ಲೂಕಿನವನು. 2014ರಲ್ಲಿ ನಾನೂ ಪಕ್ಕದ ಊರಿನ ಒಬ್ಬರೂ ಸೇರಿ ಮೂರು ಎಕರೆ ಮಕ್ಕಿಗದ್ದೆ (ಮಳೆ ನಂಬಿದ ಎತ್ತರದ ಗದ್ದೆ) ತಗೊಂಡೆವು. ಅರ್ಧ ದುಡ್ಡು ನಂದು, ಅರ್ಧ ಅವರದು. ಕ್ರಯಪತ್ರ ಇಬ್ಬರ ಹೆಸರಲ್ಲಿದೆ, ಪಹಣಿಯೂ ಜಂಟಿ. ಅವರು ವಯಸ್ಸಲ್ಲಿ ನನಗಿಂತ ತುಂಬಾ ದೊಡ್ಡವರು, ಅಣ್ಣ ಅಂತಲೇ ಕರೆಯುವುದು. ಮರುವರ್ಷ ಬಸಿಗಾಲುವೆ ತೆಗೆಸಿ, ನೆರಳಿಗೆ ಬಾಳೆ ಹಾಕಿ, ಒಂಬತ್ತು ಅಡಿಗೆ ಒಂದರಂತೆ ಅಡಿಕೆ ಸಸಿ ಇಟ್ಟೆವು. ಐದಾರು ವರ್ಷ ಬರೀ ಖರ್ಚು. ಬಾಳೆಗೊನೆ ಮಾರಿ ಬಂದ ದುಡ್ಡು ಗೊಬ್ಬರಕ್ಕೂ ಸಾಲುತ್ತಿರಲಿಲ್ಲ. ಈಗ ಎರಡು ಮೂರು ವರ್ಷದಿಂದ ಒಳ್ಳೆ ಫಸಲು. ಮೆಣಸಿನ ಬಳ್ಳಿಯೂ ಮರಕ್ಕೆ ಹತ್ತಿದೆ, ಈ ಸಲ ಮೊದಲ ಕಾಯಿ ಕಂಡಿದ್ದೇವೆ.

ಈಗ ಅಣ್ಣ ಮಾರೋಣ ಅಂತಿದ್ದಾರೆ. ಮಗ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಳ್ಳುತ್ತಿದ್ದಾನೆ, ಮುಂಗಡಕ್ಕೆ ದುಡ್ಡು ಬೇಕು. ತೋಟಕ್ಕೆ ಈಗ ಒಳ್ಳೆ ರೇಟು ಇದೆ, ಪೂರ್ತಿ ಕೊಟ್ಟು ಹಂಚಿಕೊಳ್ಳೋಣ, ಇಲ್ಲ ಅಂದ್ರೆ ನನ್ನ ಅರ್ಧ ನೀನೇ ಇಟ್ಟುಕೋ ಅಂದರು. ನನ್ನ ಹತ್ತಿರ ಒಟ್ಟಿಗೆ ಅಷ್ಟು ಹಣ ಇಲ್ಲ.

ಜಗಳ ಏನೂ ಇಲ್ಲ. ಅದೇ ಕಷ್ಟ ಆಗಿರುವುದು. ಮಳೆಗಾಲದ ಮುಂಚೆ ಕಾಯಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ದಿನ ಅವರು ಬೆಳಕು ಹರಿಯುವಷ್ಟರಲ್ಲಿ ಬಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿ ಇಟ್ಟಿರುತ್ತಾರೆ. ಸುಣ್ಣದ ನೀರಿಗೆ ಅದನ್ನು ಹೊಯ್ಯುವ ಕೆಲಸ ಬೇರೆಯವರ ಕೈಗೆ ಕೊಡುವುದಿಲ್ಲ. ಹೊಯ್ದು, ಕಲಕಿ, ಕತ್ತಿಯ ಅಲಗು ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಬಣ್ಣ ಹಿಡಿದಿದ್ದರೆ ಇನ್ನಷ್ಟು ಸುಣ್ಣ, ಮತ್ತೆ ಕಲಕು, ಮತ್ತೆ ಅದ್ದು. ಬಣ್ಣ ಹಿಡಿಯುವುದು ನಿಂತ ಮೇಲೇ ಪಂಪು ಶುರು. ನಮ್ಮ ತೋಟಕ್ಕೆ ಕೊಳೆ ಕಡಿಮೆ ಬಂದಿದ್ದರೆ ಅದಕ್ಕೆ ಈ ಮನುಷ್ಯನೇ ಕಾರಣ. ಇಂಥ ಜೊತೆ ದುಡ್ಡು ಕೊಟ್ಟರೆ ಸಿಗುತ್ತಾ?

ಕಾನೂನು ಗೊತ್ತಿದ್ದವರು ಕಾನೂನು ಹೇಳಿ. ಇಪ್ಪತ್ತು ಮೂವತ್ತು ವರ್ಷ ಯಾರ ಜೊತೆಗಾದರೂ ಪಾಲುದಾರಿಕೆ ನಡೆಸಿದವರು ಇದ್ದರೆ, ಇಂಥ ಹೊತ್ತಲ್ಲಿ ಏನು ಮಾಡಿದಿರಿ ಅಂತ ಹೇಳಿ.

ಶರಾವತಿ ದಡ

ಮಾರಬೇಡಿ. ಹತ್ತು ವರ್ಷದ ಅಡಿಕೆ ಮರ ಮಾರುವವನಿಗೆ ಯಾವತ್ತೂ ನಷ್ಟ, ಕೊಳ್ಳುವವನಿಗೆ ಲಾಭ. ಇನ್ನು ಮೂವತ್ತು ವರ್ಷ ಕೊಡುವ ಮರ ಅದು.

ತೀರ್ಥಹಳ್ಳಿ ಅಕ್ಕ

ಮಾರಬೇಡಿ ಅನ್ನುವುದು ಸುಲಭ. ಆ ಅಣ್ಣನ ಕಡೆಯಿಂದ ಒಂದು ಸಲ ಯೋಚನೆ ಮಾಡಿ. ವಯಸ್ಸಾಗಿದೆ, ಮಗ ಊರಿಗೆ ಬರುವುದಿಲ್ಲ ಅಂತ ಗೊತ್ತಾಗಿದೆ. ಮೂವತ್ತು ವರ್ಷದ ಫಸಲು ಕಾಗದದ ಮೇಲೆ ಚೆನ್ನಾಗಿದೆ, ಅವರು ಅದರಲ್ಲಿ ಎಷ್ಟು ನೋಡುತ್ತಾರೆ? ಅವರ ದೂರದ ಯೋಚನೆ ಈಗ ಮಗನ ಮನೆ. ನಿಮ್ಮದು ತೋಟ. ಇಬ್ಬರದೂ ದೂರದ ಯೋಚನೆಯೇ, ದಿಕ್ಕು ಬೇರೆ ಅಷ್ಟೆ.

ಶರಾವತಿ ದಡ

ಅಕ್ಕಾ, ಮಗನ ಫ್ಲ್ಯಾಟಿಗೆ ಬ್ಯಾಂಕ್ ಸಾಲ ಸಿಗುತ್ತದೆ. ತೋಟಕ್ಕೆ ಹತ್ತು ವರ್ಷ ವಾಪಸ್ ಯಾರು ಕೊಡುತ್ತಾರೆ?

ತೀರ್ಥಹಳ್ಳಿ ಅಕ್ಕ

ಸಾಲಕ್ಕೂ ಮುಂಗಡ ಕೈಯಿಂದಲೇ ಹಾಕಬೇಕು. ಇವರು ಕೇಳುತ್ತಿರುವುದು ಅದನ್ನೇ, ಪೋಸ್ಟ್ ಇನ್ನೊಂದು ಸಲ ಓದಿ.

ಶಿರಸಿ ವಕೀಲ

ಕಾನೂನಿನ ಭಾಗ ನಾನು ಹೇಳುತ್ತೇನೆ.

ಮೊದಲನೆಯದಾಗಿ ನಿಮ್ಮದು ಪಾಲುದಾರಿಕೆ ಸಂಸ್ಥೆ ಅಲ್ಲ. 1932ರ ಪಾಲುದಾರಿಕೆ ಕಾಯ್ದೆ ವ್ಯಾಪಾರಕ್ಕೆ ಅನ್ವಯ. ಇಬ್ಬರು ಸೇರಿ ಜಮೀನು ಕೊಂಡರೆ ನೀವು ಸಹಮಾಲೀಕರು, ಅಷ್ಟೆ. ಸಹಮಾಲೀಕ ತನ್ನ ಅವಿಭಜಿತ ಪಾಲನ್ನು ಇನ್ನೊಬ್ಬರನ್ನು ಕೇಳದೆ ಮಾರಬಹುದು, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಕೊಂಡವನು ಅವರ ಜಾಗದಲ್ಲಿ ಬಂದು ನಿಲ್ಲುತ್ತಾನೆ, ನಾಳೆ ವಿಭಾಗ ಕೇಳಿ ದಾವೆ ಹಾಕಬಹುದು.

ಮೊದಲು ನನಗೇ ಕೊಡಬೇಕು ಅನ್ನುವ ಹಕ್ಕು ನಿಮಗೆ ತಾನಾಗಿ ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂನಲ್ಲಿ ಅಂಥದ್ದೊಂದು ಇದೆ, ಅದು ಒಟ್ಟಿಗೆ ಆಸ್ತಿ ಪಡೆದ ವಾರಸುದಾರರಿಗೆ. ಗೆಳೆಯರು ಸೇರಿ ಕೊಂಡದ್ದಕ್ಕೆ ಬರೆದಿಟ್ಟುಕೊಂಡಿದ್ದರೆ ಮಾತ್ರ ಉಂಟು. ಇನ್ನೊಂದು ವಿಷಯ, 2020ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ನಿಮ್ಮ ಪಕ್ಕಕ್ಕೆ ಬರುವವರು ಯಾರು ಅಂತ ಮೊದಲಿನ ಹಾಗೆ ಊಹಿಸುವುದು ಕಷ್ಟ.

ಅವರು ಬಂದು ನಿಮ್ಮನ್ನೇ ಕೇಳಿದ್ದಾರೆ. ಕಾನೂನಿನ ಪ್ರಕಾರ ಅವರಿಗೆ ಅದರ ಅಗತ್ಯ ಇರಲಿಲ್ಲ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಸಾಗರದ ತೋಟಿಗ

ವಕೀಲರೇ, ಧನ್ಯವಾದ. ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ಭಾಗ ಮಾಡಿಕೊಂಡು ಅವರ ಒಂದೂವರೆ ಎಕರೆ ಬೇರೆಯವರಿಗೆ ಕೊಟ್ಟರೆ ಹೇಗೆ?

ಶಿರಸಿ ವಕೀಲ

ಆಗುತ್ತದೆ. ವಿಭಾಗಕ್ಕೆ 11ಇ ನಕ್ಷೆ (ಯಾರ ಭಾಗ ಎಲ್ಲಿ ಅಂತ ತೋರಿಸುವ ಸರ್ವೆ ನಕ್ಷೆ) ಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಆಮೇಲೆ ಪೋಡಿ (ಸರ್ವೆ ನಂಬರ್ ಒಡೆಯುವುದು), ಬೇರೆ ಬೇರೆ ಪಹಣಿ. ನೀರು ಎಲ್ಲಿದೆ ಅನ್ನುವುದು ಮುಖ್ಯ. ಬಾವಿಯೋ ಬೋರೋ ಯಾರ ಭಾಗಕ್ಕೆ ಹೋಗುತ್ತದೆ?

ಸಾಗರದ ತೋಟಿಗ

ಬಾವಿ ಅವರ ಕಡೆ ಬೀಳುತ್ತದೆ. ದಾರಿ ನನ್ನ ಕಡೆ.

ಶಿರಸಿ ವಕೀಲ

ಹಾಗಿದ್ದರೆ ನೀರಿನ ಹಕ್ಕು, ದಾರಿಯ ಹಕ್ಕು ಎರಡನ್ನೂ ವಿಭಾಗ ಪತ್ರದಲ್ಲೇ ಬರೆಸಬೇಕು. ಬಾಯಿಮಾತಿಗೆ ಬಿಟ್ಟರೆ ಮುಂದಿನ ತಲೆಮಾರಿಗೆ ಕೋರ್ಟು ಗ್ಯಾರಂಟಿ.

ಲೆಕ್ಕದ ಪುಸ್ತಕ

ಬೆಂಗಳೂರಲ್ಲಿ ಲೆಕ್ಕಪತ್ರದ ಕೆಲಸ ನನ್ನದು, ಊರು ಸೊರಬ. ಭಾವನೆ ಪಕ್ಕಕ್ಕಿಟ್ಟು ಒಂದು ಲೆಕ್ಕ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550 ಮರ ಹತ್ತಿರ ಹಿಡಿಯುತ್ತದೆ. ಮರಕ್ಕೆ ಒಂದೂವರೆಯಿಂದ ಎರಡು ಕೆಜಿ ಒಣ ಅಡಿಕೆ ಅಂದರೆ ಎಕರೆಗೆ 8ರಿಂದ 11 ಕ್ವಿಂಟಲ್. ಕ್ವಿಂಟಲ್‌ಗೆ 50 ಸಾವಿರ ಹಿಡಿದರೂ ನಾಲ್ಕು ಲಕ್ಷದ ಮೇಲೆ. ಅವರ ಒಂದೂವರೆ ಎಕರೆಯ ಫಸಲಿನಿಂದಲೇ ಅವರಿಗೆ ಕಂತು ಕಟ್ಟಬಹುದಲ್ವಾ? ಐದಾರು ವರ್ಷದಲ್ಲಿ ಒಂದು ದೊಡ್ಡ ಭಾಗ ಮುಗಿಯುತ್ತದೆ.

ಹೋಲಿಸಿ ನೋಡಿ. ಪಿಪಿಎಫ್ ಬಡ್ಡಿ 7.1. ಅದರಲ್ಲಿ ದುಡ್ಡು ಎರಡರಷ್ಟು ಆಗಲು ಹತ್ತು ವರ್ಷ ಬೇಕು. ನೀವಿಬ್ಬರೂ ಆ ಹತ್ತು ವರ್ಷದ ಕಾಯುವಿಕೆ ಆಗಲೇ ಮುಗಿಸಿದ್ದೀರಿ. ಫಸಲು ಶುರುವಾದ ಮೇಲೆ ಬಿಡುವುದು ಅಂದರೆ ಕಾದದ್ದೆಲ್ಲ ಬೇರೆಯವರಿಗೆ ಕೊಟ್ಟ ಹಾಗೆ.

ಕೊನೆಗೌಡನ ಮೊಮ್ಮಗ

ಲೆಕ್ಕ ಸರಿ ಇಲ್ಲ ಸಾರ್. ಮಕ್ಕಿಗದ್ದೆ ತೋಟದಲ್ಲಿ, ಹತ್ತು ವರ್ಷದ ಮರಕ್ಕೆ, ನಮ್ಮ ಮಳೆಗೆ ಎರಡು ಕೆಜಿ ಎಲ್ಲಿಂದ ಬರಬೇಕು? ಒಂದು ಕೆಜಿ ಬಂದರೆ ದೊಡ್ಡದು. ಕೊಳೆ ಬಂದ ವರ್ಷ ಅದೂ ಇಲ್ಲ. ಖರ್ಚು ಹಿಡಿದೇ ಇಲ್ಲ ನೀವು. ಕೊನೆ (ಅಡಿಕೆ ಗೊನೆ) ಕೊಯ್ಯುವವರ ಕೂಲಿ, ಸುಲಿಯುವ ಕೂಲಿ, ಬೇಯಿಸುವ ಕಟ್ಟಿಗೆ, ಎರಡು ಸಲ ಔಷಧಿ. ಮರ ಹತ್ತುವವರು ಸಿಗುವುದೇ ಕಷ್ಟ ಆಗಿದೆ ಈಗ. ನಮ್ಮ ಅಜ್ಜ ಒಂದೇ ಮನೆಯ ತೋಟಕ್ಕೆ ಕೊನೆಯವರೆಗೂ ಹೋದವರು. ಈಗ ಕೊಯ್ಯುವ ಉದ್ದ ದೋಟಿ ಹಿಡಿದು ಬರುವವರು ಯಾರು ಮೊದಲು ಫೋನ್ ಮಾಡಿದರೋ ಅವರ ತೋಟಕ್ಕೆ.

ಲೆಕ್ಕದ ಪುಸ್ತಕ

ಸರಿ, ಒಂದು ಕೆಜಿ ಹಿಡಿಯೋಣ, ಖರ್ಚು ಅರ್ಧ ತೆಗೆಯೋಣ. ಆಗ ಎಕರೆಗೆ ಕೈಗೆ ಸಿಗುವುದು ಒಂದೂಕಾಲು ಲಕ್ಷ ಅನ್ನಿ, ಒಂದೂವರೆ ಎಕರೆಗೆ ಎರಡು ಲಕ್ಷದ ಹತ್ತಿರ. ಕಂತು ಐದು ವರ್ಷ ಅಲ್ಲ, ಹತ್ತು ವರ್ಷ ಆಗಬಹುದು. ದಾರಿ ಮಾತ್ರ ಅದೇ.

ತೀರ್ಥಹಳ್ಳಿ ಅಕ್ಕ

ಹತ್ತು ವರ್ಷದ ಕಂತಿನಲ್ಲಿ ಫ್ಲ್ಯಾಟಿನ ಮುಂಗಡ ಆಗುವುದಿಲ್ಲ. ಮೊದಲಿಗೆ ಒಂದು ದೊಡ್ಡ ಮೊತ್ತ, ಉಳಿದದ್ದು ಕಂತು ಅಂದರೆ ಮಾತಾಡಬಹುದು. ಪಿಎಲ್‌ಡಿ ಬ್ಯಾಂಕಲ್ಲಿ (ರೈತರಿಗೆ ಜಮೀನಿನ ಮೇಲೆ ಸಾಲ ಕೊಡುವ ಸಹಕಾರಿ ಬ್ಯಾಂಕು) ದೀರ್ಘಾವಧಿ ಸಾಲ ಕೇಳಿ ನೋಡಿ.

ಚನ್ನಗಿರಿ ಸೀಮೆ

ಪಾಲುದಾರಿಕೆ ಅಂದರೆ ಜಂಟಿ ಪಹಣಿ ಮಾತ್ರ ಅಲ್ಲ, ನಮ್ಮ ಕಡೆ ಖೇಣಿ ಇದೆ. ಮರದ ಮೇಲಿನ ಫಸಲನ್ನು ಒಬ್ಬರಿಗೆ ಕೊಟ್ಟುಬಿಡುತ್ತೇವೆ, ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ನಮ್ಮ ಪಾಲಿನ ಅಡಿಕೆಯನ್ನೋ ದುಡ್ಡನ್ನೋ ಅವರು ಕೊಡುತ್ತಾರೆ. ನಮ್ಮ ಮನೆಗೂ ಒಬ್ಬ ಖೇಣಿದಾರರ ಮನೆಗೂ ಅಪ್ಪನ ಕಾಲದಿಂದ ಇದು ನಡೆದಿದೆ. ಒಂದು ವರ್ಷ ಮಾತಾದ ಮೇಲೆ ರೇಟು ಬಿದ್ದುಹೋಯಿತು. ಅವರು ಹೇಳಿದ ದುಡ್ಡು ಪೂರ್ತಿ ತಂದುಕೊಟ್ಟರು. ಅಪ್ಪ ಎಣಿಸಿ, ಒಂದು ಕಟ್ಟು ವಾಪಸ್ ಅವರ ಕೈಗೇ ಇಟ್ಟರು. ಅದಾದ ಮೇಲೆ ಹೆಚ್ಚು ಕೊಡುತ್ತೇವೆ ಅಂತ ಎಷ್ಟು ಜನ ಬಂದರೂ ನಾವು ಬೇರೆಯವರಿಗೆ ಕೊಟ್ಟಿಲ್ಲ. ನಮ್ಮ ತೋಟದ ಅಡಿಕೆ ಒಣಗುತ್ತಿರುವ ಹೊತ್ತಲ್ಲಿ ಮಳೆ ಬಂದರೆ ಅವರು ರಾತ್ರಿಯಾದರೂ ಬಂದು ಹೊದಿಸುತ್ತಾರೆ.

ನಿಮ್ಮ ಅಣ್ಣ ಕತ್ತಿ ಅದ್ದಿ ನೋಡುವುದು ಓದಿ ಇದು ನೆನಪಾಯಿತು. ಅಂಥವರ ಹತ್ತಿರ ರೇಟಿನ ಚೌಕಾಸಿ ಜಾಸ್ತಿ ಮಾಡಬೇಡಿ. ಅವರು ಕೇಳಿದ್ದಕ್ಕಿಂತ ಒಂದಷ್ಟು ಮೇಲೇ ಕೊಡಿ.

ಸಂಪಾಜೆ ಘಾಟಿ

ಎಲ್ಲರೂ ಮೂವತ್ತು ವರ್ಷ ಮೂವತ್ತು ವರ್ಷ ಅಂತಿದ್ದೀರಿ. ಸಂಪಾಜೆ ಕಡೆಗೆ ಬನ್ನಿ, ಹಳದಿ ಎಲೆ ರೋಗ ತೋರಿಸುತ್ತೇನೆ. ನಮ್ಮ ಅಜ್ಜ ನೂರು ವರ್ಷದ ಯೋಚನೆ ಮಾಡಿ ಕಟ್ಟಿದ ತೋಟ. ಮರ ಬದುಕಿದೆ, ಮೇಲೆ ಕೊನೆ ಇಲ್ಲ. ಶೃಂಗೇರಿ, ಕೊಪ್ಪದವರಿಗೂ ಇದು ಗೊತ್ತು. ಈಗ ಮಲೆನಾಡಲ್ಲೆಲ್ಲ ಎಲೆಚುಕ್ಕಿ ರೋಗ ಬೇರೆ. ದೂರದ ಯೋಚನೆ ಅಂದರೆ ಒಂದೇ ಬೆಳೆಯನ್ನು ನಂಬಿ ಕೂರುವುದು ಅಲ್ಲ. ಆ ಅಣ್ಣ ಈಗ ಹೊರಗೆ ಹೋಗುತ್ತಿರುವುದು ಬುದ್ಧಿವಂತಿಕೆಯೇ ಇರಬಹುದು. ನೀವು ಸಾಲ ಮಾಡಿ ಪೂರ್ತಿ ತೋಟ ತಲೆಮೇಲೆ ಹಾಕಿಕೊಂಡರೆ ರೋಗದ ಪೂರ್ತಿ ಭಾರವೂ ನಿಮ್ಮದೇ.

ಶರಾವತಿ ದಡ

ರೋಗ ಎಲ್ಲಾ ಕಡೆ ಬರುತ್ತದೆ ಅಂತ ಹೆದರಿದ್ದರೆ ನಮ್ಮ ಹಿರಿಯರು ಒಂದು ಸಸಿಯನ್ನೂ ಇಡುತ್ತಿರಲಿಲ್ಲ.

ಸಂಪಾಜೆ ಘಾಟಿ

ಹೆದರಿ ಅಂತ ನಾನು ಹೇಳಿಲ್ಲ. ಲೆಕ್ಕಕ್ಕೆ ಹಿಡಿಯಿರಿ ಅಂದೆ. ತೋಟದ ಮಧ್ಯೆ ಜಾಯಿಕಾಯಿ, ಮೆಣಸು, ಕೋಕೋ, ಅಂಚಿಗೆ ನಾಲ್ಕು ಹಲಸು. ಅಡಿಕೆ ಕೈಕೊಟ್ಟ ವರ್ಷ ನಮ್ಮ ಮನೆ ನಡೆದದ್ದು ಮೆಣಸಿನ ಮೇಲೆ.

ಡೆಂಟಿಸ್ಟ್ ಶಿವಮೊಗ್ಗ

ಬೆಳೆಗಾರರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಪೂರ್ತಿ ತೆರೆಯಲಾಗದ ಹುಡುಗರನ್ನು ನಾನು ದಿನಾ ನೋಡುತ್ತೇನೆ, ಹೆಚ್ಚಿನವರು ಗುಟ್ಕಾ ತಿನ್ನುವವರು. ಮೂವತ್ತು ವರ್ಷದ ಯೋಜನೆ ಹಾಕುವವರು ಇದನ್ನೂ ನೋಡಬೇಕು. ಕಾನೂನು ಯಾವಾಗ ಹೇಗೆ ಬದಲಾಗುತ್ತದೋ.

ಶರಾವತಿ ದಡ

ಗುಟ್ಕಾ ಬೇರೆ, ಅಡಿಕೆ ಬೇರೆ ಡಾಕ್ಟ್ರೇ. ನಮ್ಮ ಅಜ್ಜಿ ಕವಳ (ಎಲೆಅಡಿಕೆ) ಹಾಕಿಕೊಂಡೇ ತೊಂಬತ್ತು ದಾಟಿದರು.

ಡೆಂಟಿಸ್ಟ್ ಶಿವಮೊಗ್ಗ

ಆ ಪಟ್ಟಿಯಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯೂ ಇದೆ. ಒಂದು ಅಜ್ಜಿಯಿಂದ ಅದು ಬದಲಾಗುವುದಿಲ್ಲ. ನಾನು ತೋಟ ಕಡಿಯಿರಿ ಅನ್ನುತ್ತಿಲ್ಲ, ನನ್ನ ಅಪ್ಪನದೂ ತೋಟವೇ. ಜೊತೆಗೆ ಬೇರೆ ಬೆಳೆ ಇರಲಿ ಅಂತ ಸಂಪಾಜೆಯವರು ಹೇಳಿದ್ದನ್ನೇ ಹೇಳುತ್ತಿದ್ದೇನೆ.

ಬದಿಯಡ್ಕದಿಂದ

ಕಾಸರಗೋಡಿನ ಕಡೆಯ ಕನ್ನಡಿಗ ನಾನು. ದೀರ್ಘ ಪಾಲುದಾರಿಕೆಗೆ ನಮ್ಮ ಉದಾಹರಣೆ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ. 70ರ ದಶಕದ ಶುರುವಿನಲ್ಲಿ ಅಡಿಕೆ ರೇಟು ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕದ ಬೆಳೆಗಾರರನ್ನೂ ಕೇರಳದ ಬೆಳೆಗಾರರನ್ನೂ ಒಂದೇ ಸಂಸ್ಥೆಗೆ ತಂದರು. 1973ರಲ್ಲಿ ಶುರು. ಗಡಿಯ ಆಚೆ ಈಚೆ ಎರಡು ರಾಜ್ಯ, ಭಾಷೆಯ ಜಗಳ ಬಿಸಿ ಇದ್ದ ಕಾಲ. ಅಡಿಕೆಗೆ ಮಾತ್ರ ಗಡಿ ಇರಲಿಲ್ಲ.

ಕೋಕೋ ಕಥೆ ಇನ್ನೂ ದೊಡ್ಡದು. ಕಂಪನಿಯವರು ಬೆಳೆಯಿರಿ ಅಂದರು, ನಮ್ಮವರು ಅಡಿಕೆ ಮಧ್ಯೆ ಬೆಳೆದರು, ಆಮೇಲೆ ರೇಟು ಬಿತ್ತು, ಕೊಳ್ಳುವವರಿಲ್ಲ. ಜನ ಗಿಡ ಕಡಿಯಲು ಶುರು ಮಾಡಿದಾಗ ಕ್ಯಾಂಪ್ಕೊ ಕೊಳ್ಳಲು ನಿಂತಿತು. 1986ರಲ್ಲಿ ಪುತ್ತೂರಲ್ಲಿ ಚಾಕೊಲೇಟ್ ಕಾರ್ಖಾನೆಯೇ ಆಯಿತು. ಅಡಿಕೆ ಬೆಳೆಗಾರರ ಸಂಘ ಚಾಕೊಲೇಟ್ ಮಾಡುತ್ತದೆ ಅಂದರೆ ಆವಾಗ ಎಷ್ಟು ಜನ ನಂಬಿದ್ದರೋ! ಆವತ್ತು ಗಿಡ ಉಳಿಸಿಕೊಂಡವರು ಈಗಲೂ ಒಣ ಬೀಜ ಮಾರುತ್ತಿದ್ದಾರೆ.

ಗದಗಿನವ

ಸಹಕಾರ ಅಂದಮ್ಯಾಲೆ ನಮ್ಮ ಕಣಗಿನಹಾಳ ಬಿಟ್ಟು ಹೆಂಗ? 1905. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಕಾಯ್ದೆ ಬಂದದ್ದು 1904ರಲ್ಲಿ, ಮರುವರ್ಷವೇ ನಮ್ಮ ಹಳ್ಳಿಯಲ್ಲಿ ಸಂಘ ಇತ್ತು. ಬಡ್ಡಿಗೆ ಸಾಲ ಕೊಡುವವರ ಕೈಯಿಂದ ರೈತ ತಪ್ಪಿಸಿಕೊಳ್ಳಲಿ ಅಂತ ಮಾಡಿದ್ದು. ಊರವರು ಒಬ್ಬರಿಗೊಬ್ಬರು ಜಾಮೀನು ನಿಲ್ಲದೆ ಇಂಥ ಕೆಲಸ ಆಗುವುದಿಲ್ಲ.

ಬನವಾಸಿ ರೋಡ್

ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯೂ 1923ರದು. ನೂರು ವರ್ಷ ದಾಟಿದೆ.

ಚನ್ನಗಿರಿ ಸೀಮೆ

ಸಂಘಗಳು ಬಾಳುವುದಕ್ಕೂ ಇಬ್ಬರು ಗೆಳೆಯರು ಬಾಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ. ಸಂಘದಲ್ಲಿ ಒಬ್ಬ ಹೋದರೆ ಷೇರು ವಾಪಸ್ ತಗೊಂಡು ಹೋಗುತ್ತಾನೆ, ಸಂಘ ನಡೆಯುತ್ತದೆ. ಇಬ್ಬರಲ್ಲಿ ಒಬ್ಬ ಹೋದರೆ ಮುಗಿಯಿತು.

ಗದಗಿನವ

ನೀವು ಹೇಳಿದ್ದರಲ್ಲೇ ಉತ್ತರ ಇದೆ ನೋಡಿ. ಸಂಘ ನೂರು ವರ್ಷ ಉಳಿಯಲಿಕ್ಕೆ ಒಂದು ಕಾರಣ, ಬಿಟ್ಟು ಹೋಗಲಿಕ್ಕೆ ಬಾಗಿಲು ಇರುವುದು. ಹೋಗುವವನಿಗೆ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ ಅಂತ ಮೊದಲ ದಿನವೇ ಬೈಲಾದಲ್ಲಿ ಬರೆದಿರುತ್ತಾರೆ. ವರ್ಷಕ್ಕೊಮ್ಮೆ ಎಲ್ಲರ ಎದುರು ಲೆಕ್ಕ ಓದುತ್ತಾರೆ. ಪ್ರೀತಿ ಇದೆ ಅಂತ ಗೆಳೆಯರು ಈ ಎರಡನ್ನೂ ಬಿಡುತ್ತಾರೆ. ಪ್ರೀತಿ ಇದ್ದಲ್ಲೇ ಇದು ಬೇಕಾಗುವುದು. ಹೋಗುವ ಮಾತು ಎತ್ತಿದ ಕೂಡಲೇ ಅದು ದ್ರೋಹ ಅನ್ನಿಸಬಾರದು.

ಶರಾವತಿ ದಡ

ಒಪ್ಪುವುದಿಲ್ಲ. ಹೋಗುವ ಬಾಗಿಲು ತೆರೆದಿಟ್ಟರೆ ಮೊದಲ ಕೊಳೆರೋಗಕ್ಕೇ ಒಬ್ಬ ಎದ್ದು ಹೋಗುತ್ತಾನೆ. ಐದಾರು ವರ್ಷ ಖರ್ಚು ಮಾತ್ರ ಇರುವ ಬೆಳೆಗೆ ಕಟ್ಟಿಹಾಕುವ ಕಟ್ಟಳೆ ಬೇಕು.

ಗದಗಿನವ

ಹಂಗಾದರೆ ಅದನ್ನೂ ಬರೆಯಿರಿ. ಮೊದಲ ಎಂಟು ವರ್ಷ ಯಾರೂ ಹೋಗುವಂತಿಲ್ಲ, ಆಮೇಲೆ ಒಂದು ವರ್ಷ ಮುಂಚೆ ಹೇಳಿ ಹೋಗಬಹುದು ಅಂತ. ಕಟ್ಟಳೆಯೂ ಆಯಿತು, ಬಾಗಿಲೂ ಆಯಿತು.

ಶರಾವತಿ ದಡ

ಇದು ಸರಿ ಇದೆ.

ಮೂರನೇ ಸ್ಲಿಪ್

ಪಾರ್ಟ್ನರ್‌ಶಿಪ್ ಬಗ್ಗೆ ಇಷ್ಟು ಮಾತು ಬಂದ ಮೇಲೆ 2001ರ ಈಡನ್ ಗಾರ್ಡನ್ಸ್ ಕ್ರಿಕೆಟ್ ಟೆಸ್ಟ್ ಬರಲೇಬೇಕು. ಫಾಲೋ ಆನ್ ಆಗಿತ್ತು. ದ್ರಾವಿಡ್ ಮತ್ತು ಲಕ್ಷ್ಮಣ್ 376 ರನ್ ಸೇರಿಸಿದರು. ನಾಲ್ಕನೇ ದಿನ ಪೂರ್ತಿ ಒಂದು ವಿಕೆಟ್ ಬೀಳಲಿಲ್ಲ. ಎಲ್ಲರಿಗೂ ಲಕ್ಷ್ಮಣ್ ಅವರ 281 ನೆನಪಿದೆ. ನಮ್ಮ ದ್ರಾವಿಡ್ 180 ಹೊಡೆದರು, ಅದೂ ಮೂರನೇ ಕ್ರಮಾಂಕದಿಂದ ಆರಕ್ಕೆ ಇಳಿಸಿದ ಪಂದ್ಯದಲ್ಲಿ. ತನ್ನ ಜಾಗಕ್ಕೆ ಬಂದವನ ಜೊತೆಯಲ್ಲೇ ಇಡೀ ದಿನ ನಿಂತರು.

ಬನವಾಸಿ ರೋಡ್

ಆ ದಿನ ನಾನು ಕಾಲೇಜಿಗೆ ಹೋಗಲೇ ಇಲ್ಲ. ಹರ್ಭಜನ್ ಹ್ಯಾಟ್ರಿಕ್ ಕೂಡ ಅದೇ ಪಂದ್ಯ.

ಕೊನೆಗೌಡನ ಮೊಮ್ಮಗ

ಅಡಿಕೆ ತೋಟದಿಂದ ಈಡನ್ ಗಾರ್ಡನ್‌ಗೆ ಬಂದಿರಾ! ಕೇಳಿದವರಿಗೆ ಉತ್ತರ ಕೊಡಿ ಮೊದಲು.

ಮಾಗಡಿ ರಸ್ತೆ

ಒಂದು ಮಾತು ಹೇಳಿ ಹೋಗುತ್ತೇನೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಹೋಗಿದ್ದೀರಾ? ಸಾಲುಮರದ ತಿಮ್ಮಕ್ಕನವರ ಆಲದ ಮರಗಳು, 385 ಅಂತ ಲೆಕ್ಕ. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು, ಎಲ್ಲರಿಗೂ ಗೊತ್ತು. ಅವರ ಗಂಡ ಚಿಕ್ಕಯ್ಯನವರನ್ನು ಎಷ್ಟು ಜನ ನೆನೆಯುತ್ತಾರೆ? ಗಂಡ ಹೆಂಡತಿ ಇಬ್ಬರೂ ಕೊಡದಲ್ಲಿ ನೀರು ಹೊತ್ತು, ದನ ಮೇಯದ ಹಾಗೆ ಮುಳ್ಳು ಕಟ್ಟಿ ಬೆಳೆಸಿದ್ದು. ಇಬ್ಬರೂ ಕೂಲಿ ಮಾಡುವವರು. ಚಿಕ್ಕಯ್ಯ 1991ರಲ್ಲೇ ತೀರಿಕೊಂಡರು, ಈ ಹೆಸರು, ಪ್ರಶಸ್ತಿ ಯಾವುದನ್ನೂ ಹೆಚ್ಚು ನೋಡಲಿಲ್ಲ. ನಾನು ಆ ರಸ್ತೆಯಲ್ಲಿ ದಿನಾ ಓಡಾಡುವವನು. ಬೇಸಿಗೆ ಮಧ್ಯಾಹ್ನ ಆ ನೆರಳಿಗೆ ಗಾಡಿ ನಿಲ್ಲಿಸಿ ಊಟ ಮಾಡುವವರು ಈಗಲೂ ಇದ್ದಾರೆ.

ತೀರ್ಥಹಳ್ಳಿ ಅಕ್ಕ

ಚಿಕ್ಕಯ್ಯನವರ ಹೆಸರು ಹೇಳಿದ್ದು ಒಳ್ಳೆಯದಾಯಿತು. ಅಂದ ಹಾಗೆ ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ತೋಟಿಗರೇ, ಎರಡೂ ಮನೆಯ ಹೆಂಗಸರು ಏನಂತಾರೆ? ಮೊದಲ ವರ್ಷಗಳಲ್ಲಿ ಸಸಿಗೆ ನೀರು ಹಾಕಿದ್ದು, ಆಳುಗಳಿಗೆ ಊಟ ಮಾಡಿ ಕಳಿಸಿದ್ದು, ಸುಲಿಯುವಾಗ ರಾತ್ರಿ ಕೂತದ್ದು ಅವರೂ ಹೌದು. ಪಹಣಿಯಲ್ಲಿ ಎರಡು ಹೆಸರು ಇರಬಹುದು, ದುಡಿದವರು ನಾಲ್ಕು ಜನ. ನಿಮ್ಮ ಅತ್ತಿಗೆಗೆ ಬೆಂಗಳೂರಿಗೆ ಹೋಗುವ ಮನಸ್ಸು ಇದೆಯಾ ಅಂತ ಕೇಳಿದ್ದೀರಾ?

ಸಾಗರದ ತೋಟಿಗ

ಅಕ್ಕಾ, ನೀವು ಹೇಳಿದ ಮೇಲೆ ನಾನೂ ನನ್ನ ಹೆಂಡತಿಯೂ ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆವು. ಈ ಚರ್ಚೆಯನ್ನೂ ಅಣ್ಣನಿಗೆ ಓದಿ ಹೇಳಿದೆ. ಖೇಣಿದಾರರ ಕಥೆ ಎರಡು ಸಲ ಓದಿಸಿದರು.

ಅತ್ತಿಗೆಗೆ ಬೆಂಗಳೂರಿಗೆ ಹೋಗುವ ಮನಸ್ಸು ಇಲ್ಲವೇ ಇಲ್ಲ. ಅಣ್ಣನಿಗೂ ತೋಟ ಬಿಡುವ ಆಸೆ ಇಲ್ಲ. ಅವರ ಚಿಂತೆ ಬೇರೆ. ತಾನು ಹೋದ ಮೇಲೆ ಮಗ ಬಂದು ತನ್ನ ಪಾಲನ್ನು ಯಾರಿಗೋ ಮಾರಿ, ನನಗೆ ತೊಂದರೆ ಆಗಬಾರದು, ಇರುವಾಗಲೇ ಇತ್ಯರ್ಥ ಮಾಡೋಣ ಅಂತ. ಮಗನ ಮುಂಗಡ ಒಂದು ನೆಪದ ಹಾಗೆ ಬಂತು. ಅದೂ ಬೇಕು, ಆದರೆ ಪೂರ್ತಿ ಅರ್ಧದ ಬೆಲೆಯಷ್ಟು ಬೇಕಾಗಿಲ್ಲ.

ಈಗ ಮಾತಾಗಿರುವುದು ಹೀಗೆ. ಅವರ ಅರ್ಧದಲ್ಲಿ ಒಂದು ಎಕರೆ ನಾನು ತಗೊಳ್ಳುವುದು. ಮೊದಲ ಮೊತ್ತಕ್ಕೆ ಸಾಲ, ಉಳಿದದ್ದು ವರ್ಷ ವರ್ಷ ಅಡಿಕೆ ಮಾರಿದ ಮೇಲೆ. ಬಾವಿಯ ಕಡೆಯ ಅರ್ಧ ಎಕರೆ ಅವರ ಹೆಸರಲ್ಲೇ ಇರುತ್ತದೆ. ಅದನ್ನು ಮುಂದೆ ಮಾರುವುದಾದರೆ ಮೊದಲು ನನಗೆ ಅಥವಾ ನನ್ನ ಮಕ್ಕಳಿಗೆ ಕೇಳಬೇಕು, ಮಗನೂ ಸಹಿ ಹಾಕುತ್ತಾನೆ. ಬಾವಿ ನೀರು ಇಬ್ಬರಿಗೂ. ಚನ್ನಗಿರಿಯವರು ಹೇಳಿದ ಹಾಗೆ ಅವರು ಹೇಳಿದ ರೇಟಿಗಿಂತ ಮೇಲೆ ಕೊಡುತ್ತೇನೆ ಅಂದೆ, ಅಣ್ಣ ಬೈದರು. ಔಷಧಿ ಹೊಡೆಸುವುದು ಮೊದಲಿನ ಹಾಗೇ, ಮೂರೂ ಎಕರೆಗೆ ಒಟ್ಟಿಗೆ.

ವಕೀಲರೇ, ಕಂತಿನ ವಿಷಯ ಕಾಗದದಲ್ಲಿ ಹೇಗೆ ಮಾಡುವುದು? ಮೊದಲು ಒಪ್ಪಂದ ಮಾಡಿಕೊಂಡು, ಪೂರ್ತಿ ಕೊಟ್ಟ ಮೇಲೆ ಕ್ರಯ ಮಾಡಿಸುವುದಾ?

ಶಿರಸಿ ವಕೀಲ

ಒಳ್ಳೆ ಸುದ್ದಿ. ಕಂತು ಉದ್ದ ಇದ್ದರೆ ಬರೀ ಒಪ್ಪಂದದ ಮೇಲೆ ಕೂರಬೇಡಿ. ಕ್ರಯಕ್ಕೆ ಗೊತ್ತು ಮಾಡಿದ ದಿನ ದಾಟಿ ಮೂರು ವರ್ಷದೊಳಗೆ ದಾವೆ ಹಾಕದಿದ್ದರೆ ಒಪ್ಪಂದ ಜಾರಿ ಮಾಡಿಸುವ ಹಕ್ಕು ಹೋಗುತ್ತದೆ. ಅಷ್ಟರೊಳಗೆ ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಮಕ್ಕಳಿಗೆ ಗೊಂದಲ. ಈಗಲೇ ಕ್ರಯಪತ್ರ ಮಾಡಿಸಿ, ಬಾಕಿ ಎಷ್ಟು, ಯಾವ ತಿಂಗಳು ಯಾವ ಮೊತ್ತ ಅಂತ ಅದರಲ್ಲೇ ಬರೆಸಿ. ಬಾಕಿ ಹಣಕ್ಕೆ ಮಾರಿದವರಿಗೆ ಆ ಜಮೀನಿನ ಮೇಲೆ ಹೊರೆ (ಬಾಕಿ ವಸೂಲಿ ಮಾಡುವ ಹಕ್ಕು) ಉಳಿಯುತ್ತದೆ, ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಅಣ್ಣನಿಗೂ ಅದು ಭದ್ರ. ಅದೇ ಜಮೀನನ್ನು ಅಡಮಾನ ಇಟ್ಟು ಸಾಲ ತೆಗೆಯುವುದಾದರೆ ಬ್ಯಾಂಕಿನವರಿಗೆ ಈ ಬಾಕಿ ವಿಷಯ ಮೊದಲೇ ಹೇಳಿ. ನಿಮ್ಮ ಹಳೆಯ ಜಮೀನಿನ ಮೇಲೆ ತೆಗೆಯುವುದು ಇನ್ನೂ ಸುಲಭ.

ಹಣ ಎಲ್ಲಾ ಬ್ಯಾಂಕ್ ಮೂಲಕ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಮೇಲಿನ ನಗದು ತಗೊಂಡವರಿಗೆ ಆದಾಯ ತೆರಿಗೆಯಲ್ಲಿ ಅಷ್ಟೇ ದಂಡ ಬೀಳಬಹುದು.

ಲೆಕ್ಕದ ಪುಸ್ತಕ

ತೆರಿಗೆ ಬಗ್ಗೆ ಇನ್ನೊಂದು. ಪಟ್ಟಣದ ಮಿತಿಯಿಂದ ಸಾಕಷ್ಟು ದೂರ ಇರುವ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಎಷ್ಟು ದೂರ ಅನ್ನುವುದು ಆ ಪಟ್ಟಣದ ಜನಸಂಖ್ಯೆ ಮೇಲೆ ಹೋಗುತ್ತದೆ, 2, 6, 8 ಕಿಲೋಮೀಟರ್ ಅಂತ ಇದೆ. ಅಣ್ಣನಿಗೆ ಇದನ್ನು ಹೇಳಿ, ಕ್ರಯದಲ್ಲಿ ನಿಜವಾದ ಬೆಲೆಯನ್ನೇ ತೋರಿಸಿ.

ಗದಗಿನವ

ವರ್ಷಕ್ಕೊಮ್ಮೆ ಲೆಕ್ಕ ಓದುವ ದಿನ ಇಟ್ಟುಕೊಳ್ಳಿ. ಎರಡೂ ಮನೆಯವರು, ಮಗನೂ ಬಂದು ಕೂರಲಿ.

ಸಾಗರದ ತೋಟಿಗ

ಭೂಮಿ ಹುಣ್ಣಿಮೆಗೆ ಮಗ ಊರಿಗೆ ಬರುತ್ತಾನೆ. ಆವತ್ತು ಕೂರೋಣ ಅಂತ ಅಣ್ಣನೇ ಹೇಳಿದ್ದಾರೆ.

ಶರಾವತಿ ದಡ

ಮಾರಬೇಡಿ ಅಂದಿದ್ದೆ, ಈ ತರಹ ಆದರೆ ನಂದೂ ಒಪ್ಪಿಗೆ. ಮೆಣಸು ಯಾವ ತಳಿ ಹಾಕಿದ್ದೀರಿ?

ಸಾಗರದ ತೋಟಿಗ

ಹೆಚ್ಚಿನದು ಪಣಿಯೂರು 1. ಬಾವಿ ಕಡೆ ಊರಿನ ಬಳ್ಳಿ, ಅದು ಅಣ್ಣ ಅವರ ಹಳೆ ತೋಟದಿಂದ ತಂದದ್ದು.

ಸಂಪಾಜೆ ಘಾಟಿ

ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಶೀಘ್ರ ಸೊರಗು ರೋಗ ಬಂದರೆ ಬಳ್ಳಿ ಕೆಲವೇ ವಾರದಲ್ಲಿ ಹೋಗುತ್ತದೆ. ಅಡಿಕೆಗೆ ಬೋರ್ಡೋ ಹೊಡೆಸುವ ದಿನವೇ ಮೆಣಸಿಗೂ ಹೊಡೆಸಿ, ಬುಡಕ್ಕೂ ಹೊಯ್ಯಿರಿ. ಊರಿನ ಬಳ್ಳಿಯ ಕುಡಿ ನನಗೆ ಎರಡು ಸಿಗುತ್ತದಾ?

ಸಾಗರದ ತೋಟಿಗ

ಕೊಡೋಣ. ಅಣ್ಣನನ್ನು ಕೇಳಿ ಹೇಳುತ್ತೇನೆ.